ಸಿಎಸ್‌ಆರ್ ಹಣದಲ್ಲಿ ಲಸಿಕೆ ಕೆಲಸ: ಕೋಲಾರದ ಕಡೆ ಮಾಡಿದವರು ಹೇಳಿ

ಪ್ರಶ್ನೆ: ನಮ್ಮ ಕಾರ್ಖಾನೆ ನರಸಾಪುರದಲ್ಲಿದೆ. ಈ ಸಲದ ಸಿಎಸ್‌ಆರ್ ಹಣ (ಕಂಪನಿ ಸಮಾಜದ ಕೆಲಸಕ್ಕೆ ತೆಗೆದಿಡುವ ಹಣ) ತಾಯಿ-ಮಕ್ಕಳ ಲಸಿಕೆಗೆ ಹೋಗಲಿ ಅಂತ ನಮ್ಮ ಎಂಡಿ ಆಸೆ. 2006ರಲ್ಲಿ ಮಕ್ಕಳ ಡೈಪರ್ ಮಾಡುವ ಪ್ಯಾಂಪರ್ಸ್‌ನವರು ಯುನಿಸೆಫ್ ಜೊತೆ 'ಒಂದು ಪ್ಯಾಕ್, ಒಂದು ಲಸಿಕೆ' ಅಂತ, ಪ್ಯಾಕ್ ಮಾರಿದಂತೆ ಲಸಿಕೆಗೆ ಹಣ ಕೊಡೋದನ್ನು ಶುರು ಮಾಡಿದ್ದರಲ್ಲ, ಆ ಥರ. ಲಸಿಕೆ ಕೊಂಡು ಕೊಡಬಹುದಾ?

ಮಾಲೂರಿನಿಂದ: ಕೊಳ್ಳುವ ಯೋಚನೆ ಬಿಡಿ ಸರ್. ಪ್ಯಾಂಪರ್ಸ್ ಹಣ ಹೋಗಿದ್ದು ಬಡ ದೇಶಗಳ ಧನುರ್ವಾಯು ಲಸಿಕೆಗೆ. ನಮ್ಮಲ್ಲಿ ತಾಯಿ-ಕೂಸಿನ ಧನುರ್ವಾಯು ಹತೋಟಿಗೆ ಬಂತು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಒಪ್ಪಿದೆ. ಬಸುರಿಯರಿಗೆ ಧನುರ್ವಾಯು ತಡೆಯುವ ಟಿಡಿ, ಮಗುವಿಗೆ ಕ್ಷಯದ ಬಿಸಿಜಿ, ಪೋಲಿಯೊ, ಐದು ರೋಗಕ್ಕೆ ಒಂದೇ ಚುಚ್ಚುಮದ್ದಾದ ಪೆಂಟಾ, ಭೇದಿ ತಡೆಯುವ ರೋಟಾ ಎಲ್ಲವೂ ಪಿಎಚ್‌ಸಿಯಲ್ಲಿ ಪುಕ್ಕಟೆ. ನಮ್ಮ ಜಿಲ್ಲೆಯಲ್ಲಿ ಮೆದುಳುಜ್ವರದ ಜೆಇ ಲಸಿಕೆ ಕೂಡ. ಮದ್ದಿಗೆ ಬರವಿಲ್ಲ, ಅದು ಮಗುವಿನ ತೊಡೆವರೆಗೆ ಹೋಗೋದೇ ಕಷ್ಟ.

ನಮ್ಮ ಟ್ರಸ್ಟ್ ಇಲ್ಲಿನ ಇಟ್ಟಿಗೆ ಗೂಡುಗಳಲ್ಲಿ ಕೆಲಸ ಮಾಡಿದೆ. ಗುರುವಾರ ಅಂಗನವಾಡಿಯಲ್ಲಿ ಲಸಿಕೆ. ಗೂಡಿನವರಿಗೆ ಸಾವಿರ ಇಟ್ಟಿಗೆಗೆ ಇಷ್ಟು ಅಂತ ಕೂಲಿ. ಮಗು ಎತ್ತಿಕೊಂಡು ಬಂದರೆ ಆ ದಿನದ ಕೂಲಿ ಹೋಯ್ತು, ಅಲ್ವಾ? ಹಾಗಾಗಿ ಒಂದು ಕಂಪನಿಯಿಂದ ಬರೀ ಗಾಡಿ ಬಾಡಿಗೆ, ಡೀಸೆಲ್ ಕೇಳಿದೆವು. ಪಿಎಚ್‌ಸಿ ಸಿಸ್ಟರ್ ನಾಲ್ಕು ಐಸ್‌ಪ್ಯಾಕಿನ ಲಸಿಕೆ ಡಬ್ಬ ಹಿಡಿದು ಗೂಡಿಗೇ ಬಂದರು. ಒಬ್ಬ ತಾಯಿ ಮಣ್ಣಿನ ಕೈಯನ್ನು ಸೀರೆಗೆ ಒರೆಸಿಕೊಂಡು, ಪ್ಲಾಸ್ಟಿಕ್ ಕವರ್‌ನಿಂದ ಕಾರ್ಡ್ ತೆಗೆದರು. ಪೂರ್ತಿ ಒಡಿಯಾದಲ್ಲಿತ್ತು. ಸಿಸ್ಟರ್ ಬೆರಳಿಟ್ಟು ತಾರೀಖು ಎಣಿಸಿ, ಎರಡನೇ ಪೆಂಟಾ ಬಾಕಿ ಅಂತ ಅಲ್ಲೇ ಹಾಕಿದರು.

ನಾವೂ ಎಡವಿದ್ದೇವೆ. ಮೊದಲ ವರ್ಷ ಶಾಮಿಯಾನ, ಬ್ಯಾನರ್, ಉದ್ಘಾಟನೆ. ಫೋಟೊಗೆ ಅಂತ ಬೆಳಗ್ಗೆಯೇ ದಡಾರ ಲಸಿಕೆಯ ಬಾಟಲಿ ತೆರೆದರು. ಅತಿಥಿಗಳು ಬಂದಿದ್ದು ಊಟದ ಹೊತ್ತಿಗೆ. ತೆರೆದ ನಾಲ್ಕು ಗಂಟೆ ಮೇಲೆ ಅದನ್ನು ಹಾಕುವಂತಿಲ್ಲ, ಚೆಲ್ಲಬೇಕಾಯಿತು.

ರೋಟರಿಯವರೊಬ್ಬರು: ರೋಟರಿ ಪೋಲಿಯೊ ಕೆಲಸ ಹಿಡಿದಿದ್ದು 1985ರಲ್ಲಿ. ದೇಶದ ಕೊನೆಯ ಕೇಸ್ ಬಂದಿದ್ದು 2011ರ ಜನವರಿಯಲ್ಲಿ. ಒಂದು ವರ್ಷ ಕೊಟ್ಟು ಕೈಬಿಡೋದಾದರೆ ಸುಮ್ನೆ ಬೇಡ. ನಮ್ಮ ಕ್ಲಬ್ಬಿನ ಪಾಲು ಮೈಕ್ ಕಟ್ಟಿದ ಆಟೊ ಮತ್ತು ಬೂತಿನವರಿಗೆ ಚಿತ್ರಾನ್ನ, ಅಷ್ಟೇ. ಆದರೆ ತಪ್ಪಿಸಲಿಲ್ಲ.

ಲೆಕ್ಕಪತ್ರದವರು: ನಿಮ್ಮ ನೌಕರರ ಮಕ್ಕಳಿಗೆ ಮಾತ್ರ ಅಂತ ಮಾಡಿದರೆ ಸಿಎಸ್‌ಆರ್ ಲೆಕ್ಕಕ್ಕೆ ಬರಲ್ಲ. ಟ್ರಸ್ಟ್ ಮೂಲಕ ಕೊಡೋದಾದರೆ ಅವರ ಸಿಎಸ್‌ಆರ್-1 ನೋಂದಣಿ (ಸಿಎಸ್‌ಆರ್ ಕೆಲಸ ಮಾಡುವ ಸಂಸ್ಥೆಗಳು ಸರ್ಕಾರದಲ್ಲಿ ಮಾಡಿಸುವ ನೋಂದಣಿ) ನೋಡಿ. 2021ರ ಏಪ್ರಿಲ್‌ನಿಂದ ಅದು ಕಡ್ಡಾಯ.

ಪ್ರಶ್ನೆ ಕೇಳಿದವರು: ಡೀಸೆಲ್ ಅಂದರೆ ಎಂಡಿ ಮುಖ ಚಿಕ್ಕದಾಗುತ್ತೆ, ಆದರೂ ಹೇಳ್ತೀನಿ. ಗೂಡಿನೊಳಗೆ ಬಿಡೋಕೆ ಮಾಲೀಕರು ಒಪ್ಪಿದರಾ?

ಮಾಲೂರಿನಿಂದ: ಮಾಲೀಕರಿಗಿಂತ ಮೊದಲು ಮೇಸ್ತ್ರಿಯನ್ನು ಹಿಡಿಯಿರಿ. ಯಾವ ಗುಡಿಸಲಲ್ಲಿ ಕೂಸಿದೆ, ಯಾರು ಬಸುರಿ ಅಂತ ಅವನಿಗೇ ಗೊತ್ತು. ಊರಿನ ಆಶಾ ಜೊತೆಗಿರಲಿ. ಮಳೆಗೆ ಮುಂಚೆ ಹೋಗಿ, ಆಮೇಲೆ ಅವರೆಲ್ಲ ಊರಿಗೆ ಹೊರಟುಬಿಡುತ್ತಾರೆ.