ಪುಣೆಯ ತಾರಸಿಯಿಂದ 1420 ಮೆಗಾಹರ್ಟ್ಜ್: ಹೈಡ್ರೋಜನ್ ಸಿಕ್ಕೀತು, ಏಲಿಯನ್ ಸಿಕ್ಕಾನೆಯೇ?

ಕೋಥ್ರೂಡ್_ಕುತೂಹಲಿ

ಎಲ್ಲರಿಗೂ ನಮಸ್ಕಾರ. ಪುಣೆಯ ಕೋಥ್ರೂಡ್‌ನಲ್ಲಿ ಏಳು ಮಹಡಿಯ ಸೊಸೈಟಿ, ಮೇಲೆ ತಾರಸಿ ಖಾಲಿ ಇದೆ. ಇಲ್ಲಿಂದ ಉತ್ತರಕ್ಕೆ 80 ಕಿ.ಮೀ. ಹೋದರೆ ನಾರಾಯಣಗಾಂವ್ ಹತ್ತಿರದ ಖೋಡದ್‌ನಲ್ಲಿ 45 ಮೀಟರ್ ಅಗಲದ 30 ತಟ್ಟೆಗಳ ಜಿಎಂಆರ್‌ಟಿ ಎಂಬ ರೇಡಿಯೊ ದೂರದರ್ಶಕ ಇದೆ. ಅಷ್ಟು ದೊಡ್ಡದರ ಕೆಲಸದಲ್ಲಿ ಒಂದು ಚೂರನ್ನಾದರೂ ತಾರಸಿಯಲ್ಲಿ ಮಾಡಬಹುದೇ ಎಂಬುದು ಪ್ರಶ್ನೆ. ಬಿಡಿಸಿ ಹೇಳಿದರೆ ಮೂರು:

ಆಕಾಶಗಂಗೆಯ ಹೈಡ್ರೋಜನ್ ಹೊರಡಿಸುವ 21 ಸೆಂ.ಮೀ. ಅಲೆಯನ್ನು (1420.406 ಮೆಗಾಹರ್ಟ್ಜ್) ಮನೆಯಲ್ಲೇ ಮಾಡಿದ ಆಂಟೆನಾದಲ್ಲಿ ಹಿಡಿಯಬಹುದೇ? ಬೇರೆ ಲೋಕದ ಬುದ್ಧಿವಂತ ಜೀವಿಗಳು ಕರೆದರೆ ಇದೇ ಫ್ರೀಕ್ವೆನ್ಸಿಯಲ್ಲಿ ಕರೆದಾರು ಎಂದು ಭೌತವಿಜ್ಞಾನಿಗಳಾದ ಕೊಕೋನಿ ಮತ್ತು ಮಾರಿಸನ್ 1959ರಲ್ಲಿ ವಾದಿಸಿದ್ದರಲ್ಲ, ಅಂಥ ಕರೆ ಅದೇ ಆಂಟೆನಾದಲ್ಲಿ ಕೇಳೀತೇ? ನನ್ನ ಊಹೆ ಕೇಳಿದರೆ, 1420ರಲ್ಲಿ ಹೈಡ್ರೋಜನ್ನಿನದೇ ಗದ್ದಲ, ಆದ್ದರಿಂದ ಜಾಣರು ಅದನ್ನು ಪೈ ಇಂದ ಗುಣಿಸಿ 4462.3ರಲ್ಲಿ ಕಳಿಸುತ್ತಾರೆ. ಮೂರನೆಯದು, ಡಾರ್ಕ್ ಮ್ಯಾಟರ್ (ಕಣ್ಣಿಗೆ ಕಾಣದ, ಗುರುತ್ವದ ಸೆಳೆತದಿಂದ ಮಾತ್ರ ತಿಳಿಯುವ ವಸ್ತು) ಇರುವುದನ್ನು ಇದರಿಂದ ತೋರಿಸಲು ಸಾಧ್ಯವೇ?

ಅಳತೆ ಸಮೇತ ಹೇಳಿ. ಬ್ರಹ್ಮಾಂಡ ಅದ್ಭುತ ಎಂಬುದು ಆಗಲೇ ಗೊತ್ತಿದೆ.

ಡೊಂಬಿವಲಿ_ಡೈಪೋಲ್

ಮೊದಲನೆಯದಕ್ಕೆ ಧಾರಾಳವಾಗಿ ಹೌದು. 1951ರ ಮಾರ್ಚ್ 25ರಂದು ವಿಜ್ಞಾನಿಗಳಾದ ಈವನ್ ಮತ್ತು ಪರ್ಸೆಲ್ ಹಾರ್ವರ್ಡ್‌ನಲ್ಲಿ ಈ ಗೆರೆಯನ್ನು (ಸ್ಪೆಕ್ಟ್ರಮ್ಮಿನಲ್ಲಿ ಈ ಅಲೆಯ ಗುರುತು) ಮೊದಲ ಸಲ ಹಿಡಿದದ್ದು ಕಿಟಕಿಯಾಚೆ ಚಾಚಿದ್ದ, ಪ್ಲೈವುಡ್‌ಗೆ ತಾಮ್ರದ ಹಾಳೆ ಹೊದಿಸಿದ ಒಂದು ಹಾರ್ನ್‌ನಲ್ಲಿ, ಅಂದರೆ ಲಾಳಿಕೆಯಾಕಾರದ ಆಂಟೆನಾದಲ್ಲಿ. ಅವರ ರಿಸೀವರಿಗಿಂತ ಈಗಿನ ಎಲ್‌ಎನ್‌ಎ (ತಾನು ಗದ್ದಲ ಕಡಿಮೆ ಸೇರಿಸಿ ಸಿಗ್ನಲ್ ಹಿಗ್ಗಿಸುವ ಆಂಪ್ಲಿಫೈಯರ್) ಎಷ್ಟೋ ಮೇಲು.

ಹಾರ್ನ್‌ನ ಹಿಂಭಾಗಕ್ಕೆ ಒಂದು ಕೊಳವೆ ಬೇಕು, ಅದೇ ವೇವ್‌ಗೈಡ್. ದುಂಡು ಕೊಳವೆಯಾದರೆ ಒಳವ್ಯಾಸ 12.4 ಸೆಂ.ಮೀ.ಗಿಂತ ಹೆಚ್ಚಿರಬೇಕು, ಇಲ್ಲದಿದ್ದರೆ 21 ಸೆಂ.ಮೀ. ಅಲೆ ಒಳಗೆ ಬರುವುದೇ ಇಲ್ಲ. 16.1 ದಾಟಿದರೆ ಎರಡನೇ ಮೋಡ್ (ಅಲೆ ಒಳಗೆ ಸಾಗುವ ಇನ್ನೊಂದು ಬಗೆ) ಶುರುವಾಗಿ ಬೀಮ್ (ಆಂಟೆನಾ ಆಕಾಶದಲ್ಲಿ ನೋಡುವ ಹರವು) ಕೆಡುತ್ತದೆ. ಅಡುಗೆಮನೆ ಚಿಮಣಿಗೆ ಹಾಕುವ 6 ಇಂಚಿನ ಗಟ್ಟಿ ಜಿಐ ಡಕ್ಟ್ ಪೈಪ್ (15.2 ಸೆಂ.ಮೀ.) ಸರಿಯಾಗಿ ನಡುವೆ ಕೂರುತ್ತದೆ. ಸುಕ್ಕುಸುಕ್ಕಾಗಿ ಎಳೆಯುವ ಅಲ್ಯೂಮಿನಿಯಂ ಪೈಪ್ ಬೇಡ. 15 ಕೆಜಿ ಎಣ್ಣೆ ಡಬ್ಬವಂತೂ ಬೇಡವೇ ಬೇಡ. ಅದರ ಬದಿ ಸುಮಾರು 23 ಸೆಂ.ಮೀ., ಒಳಗೆ ಒಂದಲ್ಲ ನಾಲ್ಕಾರು ಮೋಡ್ ಓಡಾಡುತ್ತವೆ. ವಿಡಿಯೊಗಳಲ್ಲಿ ಕಾಣುವ ತಗಡಿನ ಕ್ಯಾನು ಚಿಕ್ಕದು, ನಮ್ಮ ಎಣ್ಣೆ ಡಬ್ಬವಲ್ಲ.

15.2ರ ಪೈಪಿನೊಳಗೆ ಅಲೆಯ ಉದ್ದ ಹಿಗ್ಗಿ 36.3 ಸೆಂ.ಮೀ. ಆಗುತ್ತದೆ. ಪ್ರೋಬ್ (ಅಲೆ ಹಿಡಿಯುವ ತಂತಿ) ಇಡುವ ಜಾಗ ಅದರ ಕಾಲುಭಾಗ, ಅಂದರೆ ಮುಚ್ಚಿದ ತುದಿಯಿಂದ 9.1 ಸೆಂ.ಮೀ. ಹೊರಗಿನ 21.1ರ ಕಾಲುಭಾಗ ಎಂದು 5.3ರಲ್ಲಿ ತೂತು ಕೊರೆಯುವುದೇ ಎಲ್ಲರೂ ಮಾಡುವ ತಪ್ಪು. ಪೈಪಿನ ಒಟ್ಟು ಉದ್ದ 27 ಸೆಂ.ಮೀ. ಪ್ರೋಬ್ ಎಂದರೆ ಎಸ್‌ಎಂಎ ಪ್ಯಾನೆಲ್ ಕನೆಕ್ಟರಿಗೆ ಬೆಸುಗೆ ಹಾಕಿದ 2 ಮಿ.ಮೀ. ದಪ್ಪದ ತಾಮ್ರದ ತಂತಿ. 5.3ಕ್ಕೆ ಕತ್ತರಿಸಿ, ಆಮೇಲೆ ಮಿಲಿಮೀಟರ್ ಮಿಲಿಮೀಟರಾಗಿ ಇಳಿಸಿ, ಸಾಮಾನ್ಯವಾಗಿ 5.0ರ ಹತ್ತಿರ ನಿಲ್ಲುತ್ತದೆ. ನ್ಯಾನೋವಿಎನ್‌ಎ (ಆಂಟೆನಾ ಅಳೆಯುವ ಚಿಕ್ಕ ಉಪಕರಣ) ಇದ್ದರೆ ರಿಟರ್ನ್ ಲಾಸ್ (ಸಿಗ್ನಲ್ ಹಿಂದಕ್ಕೆ ಮರಳುವುದು ಎಷ್ಟು ಕಡಿಮೆ ಎಂಬ ಅಳತೆ) 15 ಡಿಬಿ (ಡೆಸಿಬೆಲ್) ಬಂದಾಗ ಕೈ ತೆಗೆಯಿರಿ.

ಶಂಕು: ಬಾಯಿ 70 ಸೆಂ.ಮೀ., ಓರೆ ಉದ್ದ 77. (ಬಾಯಿಯ ವರ್ಗವನ್ನು ತರಂಗಾಂತರದ ಮೂರು ಪಟ್ಟಿನಿಂದ ಭಾಗಿಸಿದ ಲೆಕ್ಕ.) ಗೇನ್ (ಒಂದೇ ದಿಕ್ಕಿನಿಂದ ಸಿಗ್ನಲ್ ಕೂಡಿಸುವ ಬಲ) 17 ಡಿಬಿ ಚಿಲ್ಲರೆ, ಬೀಮ್ ಅಗಲ ಸುಮಾರು 21 ಡಿಗ್ರಿ. ಡಕ್ಟ್ ಕೆಲಸದವರು ತೆಳು ಜಿಐ ಶೀಟಿನಲ್ಲಿ ಬಗ್ಗಿಸಿ ಕೊಡುತ್ತಾರೆ. ರಟ್ಟಿನ ಮೇಲೆ ಅಡುಗೆಮನೆಯ ಫಾಯಿಲ್ ಅಂಟಿಸಿದರೂ ನಡೆಯುತ್ತದೆ, ಆದರೆ ಶಂಕು ಮತ್ತು ಪೈಪ್ ಕೂಡುವ ಕಡೆ ಲೋಹಕ್ಕೆ ಲೋಹ ತಾಗಿರಲೇಬೇಕು. ಫಾಯಿಲ್ ಟೇಪಿನ ಅಂಟು ವಿದ್ಯುತ್ ಹರಿಸುವುದಿಲ್ಲ. 2 ಸೆಂ.ಮೀ.ಗೆ ಒಂದರಂತೆ ರಿವೆಟ್ ಹೊಡೆಯಿರಿ.

ಕನೆಕ್ಟರು, ಅಡಾಪ್ಟರು ನಿಮ್ಮಲ್ಲಿ ಬುಧವಾರ ಪೇಠೆಯ ತಾಪಕೀರ್ ಗಲ್ಲಿ, ಇಲ್ಲಿ ಮುಂಬಯಿಯಲ್ಲಿ ಲ್ಯಾಮಿಂಗ್ಟನ್ ರೋಡ್. ಆರ್‌ಪಿ-ಎಸ್‌ಎಂಎ ಎಂಬ ವೈಫೈ ಕನೆಕ್ಟರು ನೋಡಲು ಹಾಗೇ ಇರುತ್ತದೆ, ನಡುವಿನ ಪಿನ್ ನೋಡಿ ತೆಗೆದುಕೊಳ್ಳಿ.

ಧಾರವಾಡ_ಟು_ಹಡಪಸರ

ಆಂಟೆನಾ ಆತು, ಇನ್ನ ರಿಸೀವರ್ ಕಡೆ ಬರ್ರಿ. ಎಲ್ಲಾರೂ ಕೆಡಸೂದು ಇಲ್ಲೇ.

ಎಲ್‌ಎನ್‌ಎ ಪ್ರೋಬ್‌ಗೆ ತಾಗಿಕೊಂಡೇ ಇರಬೇಕು, ನಡುವ ಕೇಬಲ್ ಬ್ಯಾಡ. ಮೊದಲ 1 ಡಿಬಿ ನಷ್ಟ ಅಂದ್ರ 75 ಕೆಲ್ವಿನ್ ಗದ್ದಲ ನೀವ ಕೈಯಾರೆ ಸೇರಿಸಿದಂಗ (ರೇಡಿಯೊ ಗದ್ದಲಾನ ಉಷ್ಣತೆಯ ಅಳತಿ ಕೆಲ್ವಿನ್‌ನಾಗ ಹೇಳತಾರ). ತಾರಸಿಯಿಂದ ಮನಿತನಕ 10 ಮೀಟರ್ ಆರ್‌ಜಿ-58 ಕೇಬಲ್ ಎಳದು ಕೆಳಗ ಎಲ್‌ಎನ್‌ಎ ಇಟ್ಟರ 7-8 ಡಿಬಿ ಹೋತು, ಹೈಡ್ರೋಜನ್ನೂ ಹೋತು. 1420ಕ್ಕಂತನ ಸಾ ಫಿಲ್ಟರ್ (ಬೇಕಾದ ಫ್ರೀಕ್ವೆನ್ಸಿ ಅಷ್ಟ ಒಳಗ ಬಿಡೋ ಜರಡಿ) ಕೂಡಿಸಿದ ಎಲ್‌ಎನ್‌ಎ ಬರ್ತಾವು, ನೂಎಲೆಕ್‌ದ ಸಾಬರ್ಡ್ ಎಚ್‌1 ಥರದ್ದು, ಗೇನ್ 40 ಡಿಬಿ ಹತ್ರ. ಪುಣೆದಾಗ ಫಿಲ್ಟರ್ ಇಲ್ಲದ ಬರೇ ಎಲ್‌ಎನ್‌ಎ ಹಚ್ಚಿದರ ಪಕ್ಕದ ಬಿಲ್ಡಿಂಗಿನ 900, 1800ರ ಮೊಬೈಲ್ ಟವರ್ ಅದನ್ನ ಮೊದಲ ಮಕಾಡೆ ಮಲಗಸ್ತೈತಿ. ಬಯಾಸ್ ಟೀ (ಸಿಗ್ನಲ್ ಕೇಬಲ್‌ನಾಗಿಂದನ ಎಲ್‌ಎನ್‌ಎಗೆ ಕರೆಂಟ್ ಕೊಡೋ ಸೌಕರ್ಯ) ಆನ್ ಮಾಡಿದ ಮ್ಯಾಲೆ ನಾಯ್ಸ್ ಏರದಿದ್ದರ ಇನ್‌ಪುಟ್ ಔಟ್‌ಪುಟ್ ಉಲ್ಟಾ ಹಚ್ಚೀರಿ ಅಂತ ತಿಳೀರಿ.

ಡಾಂಗಲ್ (ಲ್ಯಾಪ್‌ಟಾಪ್ ಯುಎಸ್‌ಬಿಗೆ ಹಚ್ಚೋ ರೇಡಿಯೊ ರಿಸೀವರ್) ಟಿಸಿಎಕ್ಸ್‌ಒ (ಬಿಸಿ-ತಂಪಿಗೆ ಭಾಳ ಜಾರದ ಕ್ಲಾಕ್) ಇರೋ ಆರ್‌ಟಿಎಲ್-ಎಸ್‌ಡಿಆರ್ ಆಗಬೇಕು. ಅನಿಲ ಹತ್ರ-ದೂರ ಸರಿದಂಗ ಫ್ರೀಕ್ವೆನ್ಸಿ ಬದಲಾಗತೈತಿ, ಅದರಿಂದನ ವೇಗ ಓದೂದು. 1 ಪಿಪಿಎಂ (ಹತ್ತ ಲಕ್ಷದಾಗ ಒಂದ ಪಾಲು) ತಪ್ಪಿದರ ಬರೇ 1.4 ಕಿಲೋಹರ್ಟ್ಜ್, ಅಂದ್ರ ವೇಗದಾಗ ಸೆಕೆಂಡಿಗೆ 0.3 ಕಿ.ಮೀ. ಅಗ್ಗದ ಡಾಂಗಲ್ 50 ಪಿಪಿಎಂ ತಪ್ಪಿದರ 15 ಕಿ.ಮೀ. ತಪ್ಪು. 20 ನಿಮಿಷ ಬಿಸಿ ಆಗಾಕ ಬಿಡ್ರಿ. ಎಜಿಸಿ ಪೂರಾ ಬಂದ್. ಅದು ಆನ್ ಇದ್ದರ ಆಕಾಶ ಬಿಸಿ ಆದಂಗ ಗೇನ್ ತಾನ ಇಳಿಸಿ ನಿಮ್ಮ ಅಳತಿ ನುಂಗತೈತಿ.

ಸ್ಯಾಂಪಲ್ ರೇಟ್ ಸೆಕೆಂಡಿಗೆ 24 ಲಕ್ಷ. 512 ಬಿನ್ (ಫ್ರೀಕ್ವೆನ್ಸಿಯ ಸಣ್ಣ ತುಂಡು) ಮಾಡಿದರ ಒಂದ ಬಿನ್ 4.69 ಕಿಲೋಹರ್ಟ್ಜ್, ಹೆಚ್ಚೂಕಮ್ಮಿ ಸೆಕೆಂಡಿಗೆ 1 ಕಿ.ಮೀ., ಲೆಕ್ಕಕ್ಕ ಭಾಳ ಅನುಕೂಲ. ನಟ್ಟ ನಡುವ 1420.4 ಇಡಬ್ಯಾಡ್ರಿ, ಡಿಸಿ ಮುಳ್ಳು (ಡಾಂಗಲ್ ತಾನ ಹುಟ್ಟಿಸೋ ಸುಳ್ಳು ಗೆರಿ) ಅಲ್ಲೇ ಏಳತೈತಿ. 1420.1ಕ್ಕ ಇಡ್ರಿ. ಗ್ನೂ ರೇಡಿಯೊ ಅನ್ನೋ ಸಾಫ್ಟ್‌ವೇರ್‌ನಾಗ ಎಫ್‌ಎಫ್‌ಟಿ (ಸಿಗ್ನಲ್ಲನ್ನ ಫ್ರೀಕ್ವೆನ್ಸಿಗಳಾಗಿ ಬಿಡಿಸೋ ಲೆಕ್ಕ), ವರ್ಗ, ಸರಾಸರಿ, ಇಷ್ಟ ಸಾಕು.

ಎಷ್ಟ ಹೊತ್ತು? ಸಿಸ್ಟಂ ಟೆಂಪರೇಚರ್ (ಎಲ್ಲಾ ಸೇರಿದ ಒಟ್ಟು ಗದ್ದಲ) 150 ಕೆಲ್ವಿನ್ ಅಂತ ಹಿಡೀರಿ. ಅದನ್ನ ಬಿನ್ ಅಗಲ ಮತ್ತ ಸೆಕೆಂಡ್ ಗುಣಿಸಿದ್ದರ ವರ್ಗಮೂಲದಿಂದ ಭಾಗಿಸ್ರಿ: 5 ಕಿಲೋಹರ್ಟ್ಜ್, 10 ಸೆಕೆಂಡಿಗೆ 0.67 ಕೆಲ್ವಿನ್. ಆಕಾಶಗಂಗೆಯ ಹೈಡ್ರೋಜನ್ ಇಷ್ಟ ಅಗಲ ಬೀಮ್‌ನಾಗೂ ಹತ್ತಾರು ಕೆಲ್ವಿನ್ ಐತಿ. ಅಂದ್ರ ಸೂಕ್ಷ್ಮತೆ ಸಮಸ್ಯೆನ ಅಲ್ಲ, 5 ನಿಮಿಷ ಕೂಡಿಸಿದರ ಮಸ್ತ್. ಸಮಸ್ಯೆ ಬೇಸ್‌ಲೈನ್. ಫಿಲ್ಟರಿನ ಡೊಂಕು, ಡಾಂಗಲ್‌ನ ಡೊಂಕು ಎಲ್ಲಾ ಸೇರಿ ಹೈಡ್ರೋಜನ್‌ಗಿಂತ ದೊಡ್ಡ ದಿಬ್ಬ ಕಾಣತೈತಿ. ಅದಕ್ಕ ತಣ್ಣನ ಆಕಾಶದ ಸ್ಪೆಕ್ಟ್ರಂ ತಗೊಂಡು ಅದರಿಂದ ಭಾಗಿಸಬೇಕು. ಕಳೀಬಾರದು, ಭಾಗಿಸಬೇಕು. (ಡಿಬಿದಾಗ ಇದ್ದರ ಕಳೀರಿ, ಎರಡೂ ಒಂದ.) ಹಾರ್ನ್ ತಗದು 50 ಓಮ್ ಲೋಡ್ ಹಚ್ಚಿ ಭಾಗಿಸಿದರ ಎಲ್‌ಎನ್‌ಎ ಮುಂದಿನ ಜೋಡಣಿ ಬದಲಾಗಿ ಬ್ಯಾರೆ ಥರದ ಅಲೆಅಲೆ ಉಳೀತೈತಿ, ನನಗ ಅದು ಸೇರೂದಿಲ್ಲ.

ಯಾವಾಗ, ಎಲ್ಲಿ? ಅಕ್ಟೋಬರ್ 10ರ ಸುಮಾರಿಗೆ ರಾತ್ರಿ 8ಕ್ಕ ಡೆನೆಬ್ ನಕ್ಷತ್ರ ಪುಣೆದಾಗ ಉತ್ತರಕ್ಕ ನೆಲದಿಂದ 63-64 ಡಿಗ್ರಿ ಮ್ಯಾಲೆ ಬರತೈತಿ. ಹಾರ್ನ್ ಅಲ್ಲೆ ಇಟ್ಟು ಕೈ ಕಟ್ಟಿ ಕೂಡ್ರಿ, ಭೂಮಿನ ತಿರಗತೈತಿ. ಅದ ರಾತ್ರಿ 12ರ ಮ್ಯಾಲೆ ದಕ್ಷಿಣಕ್ಕ 44 ಡಿಗ್ರಿಗೆ ಆಕಾಶಗಂಗೆಯ ದಕ್ಷಿಣ ಧ್ರುವ ಬರತೈತಿ, ಅಲ್ಲೆ ಹೈಡ್ರೋಜನ್ ಭಾಳ ಕಮ್ಮಿ, ಅದ ನಿಮ್ಮ ತಣ್ಣನ ಆಕಾಶ.

ರಿಸೀವರ್ ಆರೋಗ್ಯ ನೋಡಾಕ ಹಾರ್ನ್ ನೆಲಕ್ಕ ಬಗ್ಗಿಸ್ರಿ. ನೆಲ 300 ಕೆಲ್ವಿನ್, ಆಕಾಶ 10 ಹತ್ರ. ವ್ಯತ್ಯಾಸ 4 ಡಿಬಿ ಬಂದರ ರಿಸೀವರ್ 180 ಕೆಲ್ವಿನ್, ಚಲೋ. 3 ಬಂದರ 280, ನಡೀತೈತಿ. 1 ಬಂದರ ಎಲ್ಲೋ ಬೆಸುಗಿ ಬಿಟ್ಟೈತಿ ಇಲ್ಲಾ ಗೇನ್ ಹೆಚ್ಚಾಗಿ ಡಾಂಗಲ್ ಉಬ್ಬಿ ಕುಂತೈತಿ.

ಕೋಥ್ರೂಡ್_ಕುತೂಹಲಿ

ಭಾಳ ಉಪಕಾರ ಸರ್. ಗೆರೆ ಕಂಡಿತು ಎಂದುಕೊಳ್ಳೋಣ. ಅದು ಲಿಫ್ಟ್ ಮೋಟರೋ ಸಿಸಿಟಿವಿಯೋ ಅಲ್ಲ, ಆಕಾಶದ್ದೇ ಎಂದು ಹೇಗೆ ಗೊತ್ತಾಗಬೇಕು? ಏಲಿಯನ್ ಪ್ರಶ್ನೆ ಹಾಗೇ ಉಳಿಯಿತು.

ಮುಲುಂಡ್_ಮೂಲವ್ಯಾಧ

(ಹೆಸರು ಮೂಲವ್ಯಾಧಿ ಅಲ್ಲ ಮಾರಾಯ್ರೆ, ಮೃಗಶಿರದ ಪಕ್ಕದ ವ್ಯಾಧ ನಕ್ಷತ್ರ.)

ಆ ಎರಡಕ್ಕೂ ಮದ್ದು ಒಂದೇ. ನಕ್ಷತ್ರಗಳು ದಿನಕ್ಕೆ 3 ನಿಮಿಷ 56 ಸೆಕೆಂಡ್ ಬೇಗ ಬರುತ್ತವೆ, ಮನುಷ್ಯರ ಯಂತ್ರಗಳು ಗಡಿಯಾರ ನೋಡಿ ಬರುತ್ತವೆ. ಹಾರ್ನ್ ಅಲುಗಾಡಿಸದೆ ಎರಡು ವಾರ ಬಿಡಿ. ಸುಮಾರು 55 ನಿಮಿಷ ಮುಂಚೆ ಬಂದರೆ ಆಕಾಶದ್ದು, ಅದೇ ಹೊತ್ತಿಗೆ ಬಂದರೆ ಸೊಸೈಟಿಯ ಪಂಪು. ಆಕಾಶಗಂಗೆಯ ರೇಡಿಯೊ ಸದ್ದನ್ನು 1930ರ ದಶಕದಲ್ಲಿ ಅಮೆರಿಕದ ಎಂಜಿನಿಯರ್ ಜಾನ್ಸ್ಕಿ ಗುರುತಿಸಿದ್ದೂ ಈ ನಾಲ್ಕು ನಿಮಿಷದಿಂದಲೇ.

ಎರಡನೇ ಪರೀಕ್ಷೆ ಹೊತ್ತಿನದು. 21 ಡಿಗ್ರಿ ಬೀಮಿನಲ್ಲಿ ಡೆನೆಬ್ ಎತ್ತರದ ಒಂದು ಬಿಂದು ಹಾದುಹೋಗಲು ಸುಮಾರು ಎರಡು ಗಂಟೆ ಬೇಕು, ನಿಧಾನ ಏರಿ ನಿಧಾನ ಇಳಿಯಬೇಕು. ಐದೇ ನಿಮಿಷದಲ್ಲಿ ಬಂದು ಹೋದದ್ದು ಉಪಗ್ರಹವೋ ವಿಮಾನವೋ. 1977ರ ಆಗಸ್ಟ್ 15ರಂದು ಅಮೆರಿಕದ ಓಹಾಯೋದ ಬಿಗ್ ಇಯರ್ ರೇಡಿಯೊ ದೂರದರ್ಶಕಕ್ಕೆ ಬಂದ 'ವಾವ್' ಸಿಗ್ನಲ್ಲನ್ನು ಜನ ಇಂದಿಗೂ ಬಿಡದಿರಲು ಇದೇ ಕಾರಣ: 72 ಸೆಕೆಂಡು, ಅದರ ಬೀಮ್ ಒಂದು ಬಿಂದುವನ್ನು ದಾಟಲು ಬೇಕಾದಷ್ಟೇ ಹೊತ್ತು, ಏರಿ ಇಳಿದ ಆಕಾರವೂ ಸರಿ. ಮತ್ತೆ ಬರಲಿಲ್ಲ ಎಂಬುದೇ ಅದರ ದೋಷ.

ಮೂರನೆಯದು ಏಲಿಯನ್‌ಗೇ ಮೀಸಲು. ಹೈಡ್ರೋಜನ್ ಗೆರೆ ನೂರಾರು ಕಿಲೋಹರ್ಟ್ಜ್ ಅಗಲ, ಕೃತಕ ಸಿಗ್ನಲ್ ಕೆಲವೇ ಹರ್ಟ್ಜ್ ಇರಬಹುದು. ಭೂಮಿ ತಿರುಗುವುದರಿಂದ ಪುಣೆಯ ಅಕ್ಷಾಂಶದಲ್ಲಿ ಹೊರಗಿನ ಸಿಗ್ನಲ್ ಸೆಕೆಂಡಿಗೆ ಗರಿಷ್ಠ 0.15 ಹರ್ಟ್ಜ್‌ನಂತೆ ಜಾರುತ್ತದೆ. ಚೂರೂ ಜಾರದೆ ನಿಂತಿದ್ದರೆ ಅದು ನೆಲದ್ದೇ ಎಂಬ ಅನುಮಾನ ಮೊದಲು ಬರಬೇಕು. ಆದರೆ ತಂಗಾಳಿ ಬೀಸಿದರೂ ನಿಮ್ಮ ಡಾಂಗಲ್ ಇದಕ್ಕಿಂತ ಹೆಚ್ಚು ಜಾರುತ್ತದೆ. ಜಿಪಿಎಸ್‌ಗೆ ಕಟ್ಟಿದ ಕ್ಲಾಕ್ ಇಲ್ಲದೆ ಈ ಪರೀಕ್ಷೆಗೆ ಬೆಲೆ ಇಲ್ಲ.

ಈಗ ಕೇಳೀತೇ ಎಂಬ ಲೆಕ್ಕ. ಈ ಹಾರ್ನಿನ ಪರಿಣಾಮಕಾರಿ ವಿಸ್ತೀರ್ಣ 0.2 ಚದರ ಮೀಟರ್. 150 ಕೆಲ್ವಿನ್, 10 ಹರ್ಟ್ಜ್ ಬಿನ್, 60 ಸೆಕೆಂಡ್, ಗದ್ದಲದ ಹತ್ತು ಪಟ್ಟು ಎದ್ದರೆ ನಂಬೋಣ. ಎದುರಿಗೆ ಪೋರ್ಟೊ ರಿಕೊದಲ್ಲಿದ್ದ (2020ರಲ್ಲಿ ಕುಸಿದ) ಅರೆಸಿಬೋ ರಡಾರ್‌ನಂಥ ಪ್ರೇಷಕ ಇಡಿ, ಅದರ ಬೀಮ್ ಒಳಗಿನ ಬಲ ಸುಮಾರು 20 ಲಕ್ಷ ಕೋಟಿ ವಾಟ್‌ಗೆ ಸಮ. ಗುಣಿಸಿ ಭಾಗಿಸಿದರೆ ಅರ್ಧ ಜ್ಯೋತಿರ್ವರ್ಷಕ್ಕೂ ಸ್ವಲ್ಪ ಕಡಿಮೆ. ಹತ್ತಿರದ ನಕ್ಷತ್ರ ಪ್ರಾಕ್ಸಿಮಾ 4.24ರಲ್ಲಿದೆ. ಅವರು ನಮ್ಮ ಕಡೆಗೇ ಗುರಿಯಿಟ್ಟು ಕೂಗಿದರೂ ಕೋಥ್ರೂಡ್‌ಗೆ ಕೇಳದು. ಖೋಡದ್‌ನ 30 ತಟ್ಟೆ ಒಟ್ಟುಗೂಡಿಸಿ ಇದೇ ಲೆಕ್ಕ ಹಾಕಿದರೆ 200 ಜ್ಯೋತಿರ್ವರ್ಷದ ಆಸುಪಾಸು. ದೂರ ಹೆಚ್ಚುವುದು ವಿಸ್ತೀರ್ಣದ ವರ್ಗಮೂಲದಷ್ಟು ಮಾತ್ರ, ಆದ್ದರಿಂದ ತಾರಸಿಯಲ್ಲಿ ಇನ್ನೊಂದು ಹಾರ್ನ್ ಇಟ್ಟು ಸುಖವಿಲ್ಲ.

ಪೈ ಗುಣಿತದ ಊಹೆ ಹೊಸದಲ್ಲ, ಕೆಟ್ಟದ್ದೂ ಅಲ್ಲ. ಆದರೆ 4462ರಲ್ಲಿ ಈ ಡಾಂಗಲ್ ಕಿವುಡು, ಅದರ ಮಿತಿ 1766 ಮೆಗಾಹರ್ಟ್ಜ್. ಅಲ್ಲದೆ 1400ರಿಂದ 1427ರವರೆಗೆ ಪ್ರಪಂಚದಲ್ಲಿ ಎಲ್ಲೂ ಪ್ರಸಾರ ಕೂಡದೆಂಬ ಅಂತರರಾಷ್ಟ್ರೀಯ ನಿಯಮ ಇದೆ, 4462ಕ್ಕೆ ಆ ರಕ್ಷಣೆ ಇಲ್ಲ. ಏಲಿಯನ್ ಜಾಣನಾದರೂ ನಮಗೆ ಅನುಕೂಲ 1420ರಲ್ಲೇ.

ಡಾರ್ಕ್ ಮ್ಯಾಟರ್ ವಿಷಯದಲ್ಲಿ ಹುಷಾರು. ಗ್ಯಾಲಕ್ಸಿಯ ರೇಖಾಂಶ (ಆಕಾಶಗಂಗೆಯ ಕೇಂದ್ರದ ದಿಕ್ಕಿನಿಂದ ಅಳೆದ ಕೋನ) 30 ಡಿಗ್ರಿಗೆ (ಗರುಡ ರಾಶಿಯ ಕಡೆ, ದಕ್ಷಿಣಕ್ಕೆ 69 ಡಿಗ್ರಿ ಎತ್ತರ) ಗುರಿಯಿಟ್ಟು ಸ್ಪೆಕ್ಟ್ರಮ್ಮಿನ ಅತಿ ಹೆಚ್ಚು ದೂರ ಸರಿಯುವ ವೇಗ ಓದಿ. ಸೆಕೆಂಡಿಗೆ 110 ಕಿ.ಮೀ. ಬಂದರೆ, ಸೂರ್ಯನ 220ಕ್ಕೆ ಸೈನ್ 30 ಗುಣಿಸಿ ಬಂದ 110 ಸೇರಿಸಿ: 220. ಅದು ಕೇಂದ್ರದಿಂದ ಸುಮಾರು 13,400 ಜ್ಯೋತಿರ್ವರ್ಷದ ಅನಿಲದ ವೇಗ. ಹತ್ತತ್ತು ಡಿಗ್ರಿ ಸರಿಸುತ್ತ 80ರವರೆಗೆ ಹೋದರೆ ವೇಗ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಲ್ಲುವುದು ಕಾಣುತ್ತದೆ. ಭೂಮಿಯ 30 ಕಿ.ಮೀ. ಮತ್ತು ಸೂರ್ಯನ ಸ್ವಂತ 20 ಕಿ.ಮೀ. ಚಲನೆ ತಿದ್ದದೆ ಈ ಗ್ರಾಫ್ ಹಾಕಬೇಡಿ, ಕೊಂಕು ಅಲ್ಲೇ ಬರುವುದು. ಆದರೂ ಈ ವಿಧಾನ ಸೂರ್ಯನ ಕಕ್ಷೆಯ ಒಳಗೆ ಮಾತ್ರ ನಡೆಯುತ್ತದೆ. ಡಾರ್ಕ್ ಮ್ಯಾಟರ್‌ನ ಗಟ್ಟಿ ಸಾಕ್ಷ್ಯ ಇರುವುದು ಹೊರಗೆ, ಕಾಣುವ ವಸ್ತು ಕಡಿಮೆಯಾದರೂ ವೇಗ ಇಳಿಯದ ಕಡೆ. "ಡಾಂಗಲ್‌ನಲ್ಲಿ ಡಾರ್ಕ್ ಮ್ಯಾಟರ್" ಎಂದು ತಲೆಬರಹ ಹಾಕುವವರನ್ನು ನಂಬಬೇಡಿ.

ಮಡಗಾಂವ್_ಮಳೆಗಾಲ

ಎಲ್ಲ ಹೇಳಿದಿರಿ, ನೀರು ಬಿಟ್ಟಿರಿ. ಮೇಲೆ ನೋಡುವ ಹಾರ್ನ್ ಎಂದರೆ ಕೊಡವೇ. ಬಾಯಿಗೆ ತೆಳು ಪಾಲಿಥೀನ್ ಬಿಗಿಯಾಗಿ ಕಟ್ಟಿ ಅಥವಾ ಥರ್ಮಾಕೋಲ್ ಹಲಗೆ ಇಡಿ, 21 ಸೆಂ.ಮೀ. ಅಲೆಗೆ ಎರಡೂ ಗಾಜಿನಂತೆ. ಆದರೆ ಅದರ ಮೇಲೆ ನೀರು ನಿಂತರೆ ನೀರೇ ಗದ್ದಲ ಮಾಡುತ್ತದೆ, ಒರೆಸಿ ಅಳೆಯಿರಿ. ಪೈಪಿನ ಅತಿ ತಗ್ಗಿನಲ್ಲಿ 3 ಮಿ.ಮೀ. ತೂತು ಒಂದಿರಲಿ, ಇಬ್ಬನಿ ಇಳಿದು ಹೋಗಲು. ಕನೆಕ್ಟರಿಗೆ ಸಾದಾ ಇನ್ಸುಲೇಷನ್ ಟೇಪ್ ಸುತ್ತಿದರೆ ಒಳಗೆ ನೀರು ಕೂಡಿಟ್ಟಂತೆ. ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸುತ್ತಿ. ಕರಾವಳಿಯ ಉಪ್ಪುಗಾಳಿಯಲ್ಲಿ ಫಾಯಿಲ್-ರಟ್ಟಿನ ಹಾರ್ನ್ ಹೆಚ್ಚು ದಿನ ಬಾಳದು, ಮುಂಬಯಿ-ಗೋವಾದವರು ಜಿಐ ಶೀಟ್‌ಗೇ ಹೋಗಿ.

ಲ್ಯಾಪ್‌ಟಾಪ್ ಹಾರ್ನ್‌ನ ಹಿಂದೆ ಇರಲಿ, ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಯುಎಸ್‌ಬಿ 3ರ ಪೋರ್ಟ್ ಬೇಡ, 2ರದ್ದು ಹಾಕಿ, ಕೇಬಲ್ಲಿಗೆ ಫೆರೈಟ್ ಉಂಗುರ.

ಕೋಥ್ರೂಡ್_ಕುತೂಹಲಿ

ಚಿಮಣಿ ಪೈಪ್ ನಾಳೆಯೇ ತರುತ್ತೇನೆ. ಕೊನೆಯದೊಂದು: ತಾರಸಿಯ ಮೇಲೆ ಇಂಥದ್ದು ಕಂಡರೆ ಸೊಸೈಟಿ ಸೆಕ್ರೆಟರಿ "ಮೊಬೈಲ್ ಟವರ್ ಹಾಕ್ತಿದ್ದೀರಾ" ಎನ್ನುತ್ತಾರೆ. ಏನು ಹೇಳಲಿ?

ಧಾರವಾಡ_ಟು_ಹಡಪಸರ

ಇದು ಬರೇ ಕೇಳತೈತಿ, ಏನೂ ಕಳಸೂದಿಲ್ಲ, ಯುಎಸ್‌ಬಿ ಪೋರ್ಟಿನ 5 ವೋಲ್ಟ್‌ನಾಗ ನಡೀತೈತಿ ಅನ್ರಿ. ನಂಬದಿದ್ದರ ಫೆಬ್ರವರಿ 28ರ ವಿಜ್ಞಾನ ದಿನದ ಹೊತ್ತಿಗೆ ಖೋಡದ್‌ನಾಗ ಜನರಿಗೆ ಜಿಎಂಆರ್‌ಟಿ ತೋರಸ್ತಾರ, ಅವರನ್ನೂ ಕರಕೊಂಡ ಹೋಗ್ರಿ. ಹೋಗೂಮುಂದ ಮೊಬೈಲ್ ಬಂದ್ ಮಾಡಸ್ರಿ.

ಡೊಂಬಿವಲಿ_ಡೈಪೋಲ್

ಮತ್ತೆ ಪೈಪ್ ಕೊಳ್ಳುವಾಗ ಟೇಪ್ ಹಿಡಿದು ಒಳವ್ಯಾಸ ಅಳೆದುಕೊಳ್ಳಿ. 6 ಇಂಚು ಎಂದು 5 ಇಂಚಿನದ್ದು ಕೊಟ್ಟರೆ 12.7 ಸೆಂ.ಮೀ., ಅಲೆ ತೂರುತ್ತದೆ ನಿಜ, ಆದರೆ ಒಳಗಿನ ಉದ್ದ ಸುಮಾರು ಒಂದು ಮೀಟರಿಗೆ ಹಿಗ್ಗಿ ಮೇಲಿನ ಯಾವ ಅಳತೆಯೂ ಕೂರುವುದಿಲ್ಲ.