ಕಾಕಾನ ಲಾನು, ಅಣ್ಣನ ಚಾರ್ಟು

ಗುಂಪು: ನಮ್ಮ ಮನಿ ಮಂದಿ

ಸಪ್ತಾಪುರ ಕಾಕಾ: [ಫೋಟೋ]

ಸಪ್ತಾಪುರ ಕಾಕಾ: ನೋಡಪಾ ತಮ್ಮಾ, ನೀ ಗುಂಪಿಗೆ ಕಳಿಸಿದ ಚಾರ್ಟ್ ಹಿಡಕೊಂಡು ಲಾನಿಗೆ ಗೊಬ್ಬರ ಹಾಕಿದೆ. ವಾರ ಆಗೂದ್ರಾಗ ಎಲ್ಲಾ ಕಡೆ ದುಂಡಗ ಕೆಂಪಾಗೇತಿ. ಮಾಲಿಗೆ ಬೈದು ಬೈದು ಸಾಕಾತು.

ಅಮೇರಿಕಾ ಅಣ್ಣ: ಕಾಕಾ, ಚಾರ್ಟ್ ಸರಿ ಐತ್ರಿ. ಇಲ್ಲಿ ಓಹಾಯೋದಾಗ ಸೆಪ್ಟೆಂಬರ್ ಬಂತಂದ್ರ ಎಲ್ಲಾರೂ ಹಾಕ್ತಾರ. ಹಿಮ ಬೀಳೂದಕ್ಕ ಮೊದ್ಲ ಬೇರು ಗಟ್ಟಿ ಆಗ್ತಾವ. ನಂದು ನೋಡ್ರಿ. [ಫೋಟೋ]

ನವನಗರ ಅತ್ತಿ: ಎಷ್ಟ ಹಸರ ಐತೋ! ಹಿಂದ ನಿಂತಾಕಿ ಸೊಸಿ ಅಲ್ಲಾ? ಯಾಕ ಸೊರಗ್ಯಾಳ?

ಗದಗ ಮಾವ: ಧಾರವಾಡದಾಗ ಹಿಮ ಯಾವಾಗ ಬೀಳತೈತ್ರಿ ಬೀಗರ? 😂

ನಾನು: ಅಣ್ಣಾ, ನಿಮ್ಮಲ್ಲಿರೋದು ಫೆಸ್ಕ್ಯೂ, ಬ್ಲೂಗ್ರಾಸ್. ತಂಪಿನಾಗ ಬೆಳೆಯೋ ಹುಲ್ಲು. ಅದಕ್ಕ ಸೆಪ್ಟೆಂಬರ್ ಗೊಬ್ಬರ ಬರೋಬ್ಬರಿ. ಕಾಕಾ ಹಚ್ಚಿದ್ದು ಮೆಕ್ಸಿಕನ್ ಹುಲ್ಲು, ಅಂದ್ರ ಜೋಯ್ಸಿಯಾ. ನಮ್ಮ ಕರಕಿಯಂಗ ಬಿಸಲಿನಾಗ ಬೆಳೀತೈತಿ, ಚಳಿ ಬಂದ್ರ ಸುಮ್ಮನ ಕೂಡತೈತಿ. ಅದಕ್ಕ ಮೇ ತಿಂಗಳ ಅಡ್ಡಮಳಿ ಆದ ಮ್ಯಾಲ ಗೊಬ್ಬರ ಹಾಕಬೇಕು. ಈಗ ಮಳಿ ಬಿಟ್ಟಿಲ್ಲ, ಮೋಡ ಹರದಿಲ್ಲ, ಬೆಳವಣಿಗಿ ಕಡಿಮಿ. ಇಂಥಾದ್ರಾಗ ಸಾರಜನಕ ಸುರದ್ರ ಎಲಿ ಮೆತ್ತಗಾಗಿ ಬೂಜಿಗೆ ಬಾಯಿ ತೆರೀತಾವ.

ಸಪ್ತಾಪುರ ಕಾಕಾ: ಬೂಜು ಯಾಕ? ಇರುವಿ ಇರಬಹುದಲ್ಲ?

ಗದಗ ಮಾವ: ಯೂರಿಯಾ ಸುಟ್ಟಿರಬೇಕ್ರಿ. ಎಷ್ಟ ಹಾಕೀರಿ?

ಸಪ್ತಾಪುರ ಕಾಕಾ: 300 ಚದರ ಅಡಿಗೆ ಒಂದ ಕಿಲೋ. ಚಾರ್ಟಿನಾಗ 1000 ಚದರ ಅಡಿಗೆ ಒಂದ ಪೌಂಡ್ ಅಂತಿತ್ತು. ಸ್ವಲ್ಪ ಧಾರಾಳ ಹಾಕಿದೆ.

ಅಮೇರಿಕಾ ಅಣ್ಣ: ಕಾಕಾ!! ಅದು ನೈಟ್ರೋಜನ್ ಲೆಕ್ಕ, ಯೂರಿಯಾ ಲೆಕ್ಕ ಅಲ್ಲ. ಅದಾದ್ರೂ ಇಷ್ಟ ಯಾರರ ಹಾಕ್ತಾರೇನ್ರಿ?

ನಾನು: ಯೂರಿಯಾದಾಗ ಸಾರಜನಕ ಶೇ. 46. ಚಾರ್ಟ್ ಪ್ರಕಾರ 300 ಅಡಿಗೆ ಸುಮಾರು 136 ಗ್ರಾಂ ಸಾರಜನಕ, ಅಂದ್ರ 300 ಗ್ರಾಂ ಯೂರಿಯಾ. ಮೂರುಪಟ್ಟು ಮ್ಯಾಲ ಬಿದ್ದೈತಿ. ಕಾಕಾ, ಕೆಂಪ ಜಾಗದ ಅಂಚಿನಾಗ ಒಂದ ಹಿಡಿ ಹುಲ್ಲು ಹಿಡದು ಮೆಲ್ಲಕ ಜಗ್ರಿ. ಬುಡ ನೋಡಿ ಹೇಳ್ರಿ.

ಸಪ್ತಾಪುರ ಕಾಕಾ: ಜಗ್ಗಿದ ಕೂಡ್ಲೆ ಕೈಗೆ ಬಂತವಾ. ಬುಡ ಕಂದಾಗಿ ಕೊಳತೈತಿ, ಬೇರು ಮಣ್ಣಾಗ ಉಳದಾವ. ಆದ್ರ ತುಳಸಿಕಟ್ಟಿ ಬಾಜೂಕ, ಬಕೀಟು ಝಾಡಿಸಿದ ಕಡೆ, ಬರೇ ತುದಿ ಬೆಳ್ಳಗ ಸುಟ್ಟಾವ. ಅಲ್ಲಿ ಜಗ್ಗಿದ್ರ ಬರವಲ್ವು.

ನಾನು: ಹಂಗಾದ್ರ ಮಾವಂದೂ ಖರೆ, ನಂದೂ ಖರೆ. ತುಳಸಿಕಟ್ಟಿ ಕಡೆ ಸುಟ್ಟಿದ್ದು. ದುಂಡಗ ಆಗಿದ್ದು ಮಾತ್ರ ಬೂಜು, ರೈಜೋಕ್ಟೋನಿಯಾ ಇದ್ದಂಗ ಕಾಣತೈತಿ. ಭತ್ತದ ಎಲಿಕವಚಕ್ಕ ರೋಗ ತರೋದೂ ಅದ. ನೀರು ಯಾವಾಗ ಬಿಡ್ತೀರಿ?

ಸಪ್ತಾಪುರ ಕಾಕಾ: ದಿನಾ ಸಂಜಿ 7ಕ್ಕ, ವಾಕಿಂಗ್ ಮುಗಿಸಿ ಬಂದು.

ಗದಗ ಮಾವ: ಮಳ್ಯಾಗ?!

ಸಪ್ತಾಪುರ ಕಾಕಾ: ಗೊಬ್ಬರ ಹಾಕಿದ ಮ್ಯಾಲ ನೀರು ಬಿಡಬೇಕಂತ ಅದ ಚಾರ್ಟಿನಾಗ ಐತ್ರಿ!

ಅಮೇರಿಕಾ ಅಣ್ಣ: ಒಂದ ಸಲ ಅಂತ ಐತಿ ಕಾಕಾ. ನೀವು ಅರ್ಧ ಓದಿ ಚಾರ್ಟ್ ಮ್ಯಾಲ ಹಾಕ್ತೀರಿ. ಒಂದು ಔಷಧದ ಲಿಂಕ್ ಕಳಿಸ್ಲೇನು?

ನಾನು: ಲಿಂಕ್ ಬ್ಯಾಡಣ್ಣಾ. ನಿನ್ನ ಚಾರ್ಟು ಓಹಾಯೋಕ್ಕ ಸರಿ ಐತಿ, ಆದ್ರ ಅದನ್ನ ಕಳಿಸೂಮುಂದ ಊರ ಹೆಸರು ಬರೀಬೇಕಿತ್ತು. ಕಾಕಾ, ಸಂಜಿ ನೀರು ಬಂದ್ ಮಾಡ್ರಿ. ಎಲಿ ರಾತ್ರಿಯಿಡೀ ಹಸಿ ಇದ್ರ ಬೂಜಿಗೆ ಅಷ್ಟ ಸಾಕು. ಮಳಿ ನಿಂತ ಮ್ಯಾಲ ಬೇಕಾದ್ರ ಬೆಳಿಗ್ಗೆ 6ರ ಸುಮಾರಿಗೆ ಬಿಡ್ರಿ, ಹೊತ್ತೇರೂದ್ರಾಗ ಎಲಿ ಆರತಾವ. ಹಸಿ ಹುಲ್ಲಿನ ಮ್ಯಾಲ ಮಷಿನ್ ಓಡಸಬ್ಯಾಡ್ರಿ, ರೋಗ ಇಲ್ಲಿಂದಲ್ಲಿಗೆ ಅದ ಒಯ್ತೈತಿ. ಕತ್ತರಿಸೂಮುಂದ ಎತ್ತರದ ಮೂರನೇ ಒಂದು ಪಾಲಷ್ಟ ತಗೀರಿ. ನೀರು ನಿಂತ ಜಾಗ ಇದ್ರ ಹಾರಿಯಿಂದ ಚುಚ್ಚಿ ಉಸುಕು ತುಂಬ್ರಿ. ಈ ವರ್ಷ ಇನ್ನ ಯೂರಿಯಾ ಮುಟ್ಟಬ್ಯಾಡ್ರಿ.

ನವನಗರ ಅತ್ತಿ: ಒಲಿ ಬೂದಿ ಹಾಕಿದ್ರ ಆಗಂಗಿಲ್ಲೇನವಾ?

ನಾನು: ಬೂದ್ಯಾಗ ಪೊಟ್ಯಾಷ್ ಇರತೈತಿ ಅತ್ತಿ, ಬೂಜು ಸಾಯಂಗಿಲ್ಲ. ಔಷಧ ಹೊಡಿಯೂದಕ್ಕ ಮೊದ್ಲ ಕೃಷಿ ವಿಶ್ವವಿದ್ಯಾಲಯಕ್ಕ ಬೇರು ಸಮೇತ ಒಂದ ಹಿಡಿ ಒಯ್ದು ತೋರಸ್ರಿ ಕಾಕಾ. ನಿಮ್ಮ ಮನಿಯಿಂದ ಏನ ದೂರ ಐತಿ?

ಸಪ್ತಾಪುರ ಕಾಕಾ: ಹುಲ್ಲು ಹಿಡಕೊಂಡು ಹೋದ್ರ ನಗ್ತಾರ.

ಗದಗ ಮಾವ: ನಗಲಿ ಬಿಡ್ರಿ. ನನಗ ಸಿಟ್ಟ ಬಂದೈತಿ. ಗೋವಿನಜೋಳಕ್ಕ ಯೂರಿಯಾ ಸಿಗವಲ್ದಂತ ನಾವು ಸೊಸೈಟಿ ಮುಂದ ಪಾಳಿ ಹಚ್ಚಿ ನಿಂತಿವಿ. ಸರ್ಕಾರ ಸಬ್ಸಿಡಿ ಕೊಡೋದು ಬೆಳಿಗೆ. ನೀವು ನೋಡೂ ಹುಲ್ಲಿಗೆ ಸುರೀತೀರಿ. ಎಲ್ಲಿ ಸಿಕ್ತ್ರಿ ನಿಮಗ?

ಸಪ್ತಾಪುರ ಕಾಕಾ: ಪರಿಚಯದ ಅಂಗಡ್ಯಾಂವ ಕೊಟ್ಟ. ಬಿಡಿ ಕೊಡಂಗಿಲ್ಲಂದ, ಚೀಲಾನ ತಂದೆ.

ಗದಗ ಮಾವ: 45 ಕಿಲೋ ಚೀಲ? ಒಂದ ಕಿಲೋ ಹಾಕೀರಿ?

ಸಪ್ತಾಪುರ ಕಾಕಾ: ಹೂಂ. ಉಳದದ್ದು ಗ್ಯಾರೇಜಿನಾಗ ಐತಿ.

ಗದಗ ಮಾವ: ಬಾಯಿ ಬಿಗಿಯಾಗಿ ಕಟ್ಟಿ ಇಡ್ರಿ, ಥಂಡಿ ಹಿಡದ್ರ ಗಡ್ಡಿ ಆಕ್ಕೈತಿ. ಐತವಾರ ಗಾಡಿ ತಗೊಂಡು ಬರ್ತೀನಿ.

ನವನಗರ ಅತ್ತಿ: ಬರೂಮುಂದ ಒಂದಿಷ್ಟು ಹಸಿ ಶೇಂಗಾ ತರ್ರಿ.