ಭಾಷಣದ ರೆಕಾರ್ಡಿಂಗ್ ಮೊನೊ ಮಾಡಿದರೆ ಮಾತೇ ಮಾಯ, ಬೈಟ್ ತೆಗೆಯುವುದು ಹೇಗೆ?

ಕಿರುತರಂಗ:
ಸಾರ್ವಜನಿಕ ರೇಡಿಯೊದ ಪ್ರಚಲಿತ ವಿದ್ಯಮಾನ ಕಾರ್ಯಕ್ರಮಕ್ಕೆ ಮೂರು ನಿಮಿಷದ ವರದಿ ಆಗಬೇಕು. ನಾಯಕರ 40 ನಿಮಿಷದ ಭಾಷಣವನ್ನು ಪ್ರೆಸ್ ಬಾಕ್ಸ್‌ನಿಂದ (ವೇದಿಕೆಯ ಮೈಕ್ ದನಿಯನ್ನು ವರದಿಗಾರರಿಗೆ ಹಂಚುವ ಪೆಟ್ಟಿಗೆ) ರೆಕಾರ್ಡರಿನ 3.5 ಎಂಎಂ ಜಾಕ್‌ಗೆ ತೆಗೆದುಕೊಂಡಿದ್ದು. ಹೆಡ್‌ಫೋನಿನಲ್ಲಿ ಕೇಳಿಸುತ್ತದೆ, ಮೊನೊ ಮಾಡಿದರೆ (ಎಡ, ಬಲ ಚಾನೆಲ್ ಕೂಡಿಸಿ ಒಂದಾಗಿಸಿದರೆ) ಮೌನ. ಫೈಲ್ ಉಳಿಯುತ್ತದೆಯೇ? ಬೈಟ್ (ವರದಿಯಲ್ಲಿ ಕೇಳಿಸುವ ನಾಯಕರ ಮಾತಿನ ತುಣುಕು) ಎಷ್ಟುದ್ದ ಇರಬೇಕು, ಎಲ್ಲಿ ಕತ್ತರಿಸಬೇಕು?

ಫೇಡರ್:
ಉಳಿಯುತ್ತದೆ. ಬಾಕ್ಸಿನ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ದುಂಡು ಕನೆಕ್ಟರ್) ಔಟ್‌ಪುಟ್ ಬ್ಯಾಲೆನ್ಸ್ಡ್; ಒಂದೇ ದನಿ ಎರಡು ತಂತಿಗಳಲ್ಲಿ ಒಂದಕ್ಕೊಂದು ತಲೆಕೆಳಗಾಗಿ ಬರುತ್ತದೆ. ಸ್ಟೀರಿಯೊ ಜಾಕ್‌ನಲ್ಲಿ ಅವು ಎಡ, ಬಲ ಚಾನೆಲ್ ಆಗಿಬಿಡುತ್ತವೆ. ಕೂಡಿಸಿದರೆ ಸೊನ್ನೆ. ಟ್ರ್ಯಾಕ್ ಬಿಡಿಸಿ ಬಲ ಚಾನೆಲ್ ಅಳಿಸಿ, ಎಡವನ್ನಷ್ಟೇ ಇಟ್ಟುಕೊಳ್ಳಿ.

ಮುಂದಿನ ಸಲ ಎಕ್ಸ್‌ಎಲ್‌ಆರ್ ಇನ್‌ಪುಟ್ ಇರುವ ರೆಕಾರ್ಡರ್ ಒಯ್ಯಿರಿ, 48 ವೋಲ್ಟ್ ಫ್ಯಾಂಟಮ್ (ರೆಕಾರ್ಡರ್ ಮೈಕ್‌ಗೆ ಕಳಿಸುವ ವಿದ್ಯುತ್) ಆಫ್ ಮಾಡಿ. ಬಾಕ್ಸ್ ಕೊಡುವುದು ಮೈಕ್ ಲೆವೆಲ್ಲೋ (ದುರ್ಬಲ ಸಂಕೇತ) ಲೈನ್ ಲೆವೆಲ್ಲೋ (ಪ್ರಬಲ ಸಂಕೇತ) ಎಂದು ಧ್ವನಿವರ್ಧಕದವರನ್ನೇ ಕೇಳಿ. ಲೈನ್ ಲೆವೆಲ್ ಮೈಕ್ ಇನ್‌ಪುಟ್‌ಗೆ ಹೋದರೆ ದನಿ ಮೊದಲ ಹಂತದಲ್ಲೇ ಒಡೆಯುತ್ತದೆ. ಆಮೇಲೆ ಗೇನ್ (ದನಿ ಹಿಗ್ಗಿಸುವ ಪ್ರಮಾಣ) ತಗ್ಗಿಸಿದರೆ ಮೀಟರ್ ಸರಿಯಾಗಿ ಕಾಣುತ್ತದೆ, ದನಿ ಒಡೆದೇ ಇರುತ್ತದೆ! ಮೀಟರಿನ ಏರಿಳಿತ -12 ಡಿಬಿ ಆಸುಪಾಸು ಇರಲಿ. ಭಾಷಣದ ಕೊನೆಗೆ ಯಾರಾದರೂ ದನಿ ಏರಿಸುತ್ತಾರೆ. ಬಾಕ್ಸಿನಲ್ಲಿ ವೇದಿಕೆಯ ಮೈಕ್ ಮಾತ್ರ ಬರುತ್ತದೆ. ಚಪ್ಪಾಳೆ, ಘೋಷಣೆ, ಸಭಿಕರ ಪ್ರಶ್ನೆ ಬೇಕಿದ್ದರೆ ಇನ್ನೊಂದು ಮೈಕ್ ಇಡಬೇಕು.

ಸುದ್ದಿಮೇಜು:
ಮೂರು ನಿಮಿಷಕ್ಕೆ 15–20 ಸೆಕೆಂಡಿನ ಎರಡು ಬೈಟ್ ಸಾಕು. ಅಂಕಿ-ಅಂಶ, ಯೋಜನೆಯ ವಿವರ ನಿಮ್ಮ ಸ್ಕ್ರಿಪ್ಟಿನಲ್ಲಿ ಬರಲಿ. ನಾಯಕರ ದನಿಯಲ್ಲಿ ಬೇಕಾದದ್ದು ಅವರ ನಿಲುವು, ಭರವಸೆ, ಆರೋಪ. ಬೈಟ್‌ನಲ್ಲಿರುವ ಮಾತನ್ನೇ ಪೀಠಿಕೆಯಲ್ಲಿ ಓದಬೇಡಿ.

ಕತ್ತರಿ ಹಾಕುವಾಗ ಕ್ರಿಯಾಪದ ದಾಟುವವರೆಗೆ ಕಾಯಿರಿ. ‘ತೆರಿಗೆ ಏರಿಸುತ್ತೇವೆ ಎಂದು ನಾವು ಹೇಳಿಲ್ಲ’ ಎಂಬುದರಲ್ಲಿ ಕೊನೆಯ ಪದ ಹೋದರೆ ಅರ್ಥವೇ ತಿರುಗುಮುರುಗು. ‘ಆದರೆ’ ಎಂದು ಮುಂದುವರಿಸಿದ್ದಾರೆಯೇ ಎಂದು ಬೈಟ್‌ನ ಹಿಂದು ಮುಂದಿನ ಒಂದೊಂದು ನಿಮಿಷವನ್ನಾದರೂ ಕೇಳಿ. ಬೇರೆ ಬೇರೆ ಕಡೆ ಆಡಿದ ಎರಡು ವಾಕ್ಯಗಳನ್ನು ಒಂದೇ ಉಸಿರಿನಲ್ಲಿ ಹೇಳಿದಂತೆ ಅಂಟಿಸುವುದು ಸಲ್ಲ. ನಡುವೆ ನಿಮ್ಮದೊಂದು ಸಾಲು ಇರಲೇಬೇಕು. ಚಪ್ಪಾಳೆಯ ನಡುವೆ ಕತ್ತರಿಸಿದರೆ ಪಟ್ಟನೆ ನಿಂತಂತೆ ಕೇಳಿಸುತ್ತದೆ. ಒಂದೆರಡು ಸೆಕೆಂಡು ಉಳಿಸಿ, ನಿಮ್ಮ ಮಾತಿನ ಕೆಳಗೆ ಇಳಿಸಿ. ಬೇರೆ ಮಾತಿಗೆ ಬಿದ್ದ ಚಪ್ಪಾಳೆ ತಂದು ಜೋಡಿಸಿದರಂತೂ ಅದು ವರದಿಯೇ ಅಲ್ಲ.

ಮುಂಚೆ ಹಂಚಿದ ಭಾಷಣದ ಪ್ರತಿ ನಂಬಿ ಉಲ್ಲೇಖಿಸಬೇಡಿ, ಆಡಿದ್ದನ್ನು ಕೇಳಿ ತಾಳೆ ನೋಡಿ. ಅಂಕಿ ತಪ್ಪಿದ್ದರೆ ತಿದ್ದುಪಡಿ ಬೈಟ್‌ಗೆ ತಾಗಿಯೇ ಬರಲಿ, ಕೇಳುಗರು ಕೊನೆಯವರೆಗೆ ಇರುತ್ತಾರೆಂಬ ಖಾತ್ರಿಯಿಲ್ಲ. ಆರೋಪವಿದ್ದರೆ ಎದುರಿನವರ ಉತ್ತರವೂ ಅದೇ ವರದಿಯಲ್ಲಿ.

ಕಿರುತರಂಗ:
ಬಲ ಅಳಿಸಿದೆ, ಮಾತು ಬಂತು. ಹಿಂದೆ ‘ಗುಂಯ್’ ಎನ್ನುವ ಸದ್ದಿದೆ. ಫಿಲ್ಟರ್ ಹಾಕಲೇ?

ತಂತಿಪೆಟ್ಟಿಗೆ:
ಈಗಲೇ ಬೇಡ. ಅಳಿಸುವ ಬದಲು ಬಲ ಚಾನೆಲ್ಲನ್ನು ಇನ್ವರ್ಟ್ (ತಲೆಕೆಳಗು) ಮಾಡಿ ಎಡಕ್ಕೆ ಕೂಡಿಸಿ ನೋಡಿ. ಕೇಬಲ್ ಹಾದಿಯಲ್ಲಿ ಸೇರಿದ ಗುಂಯ್ ಎರಡೂ ತಂತಿಗಳಲ್ಲಿ ಒಂದೇ ದಿಕ್ಕಿನಲ್ಲಿರುತ್ತದೆ. ಇನ್ವರ್ಟ್ ಆದ ಮೇಲೆ ಅದು ಬಹುಮಟ್ಟಿಗೆ ಅಳಿಯುತ್ತದೆ, ಮಾತು 6 ಡಿಬಿಯಷ್ಟು ಏರುತ್ತದೆ. ಹಾಗಾಗಿ ಕೂಡಿಸುವ ಮೊದಲು ಎರಡನ್ನೂ 6 ಡಿಬಿ ಇಳಿಸಿಕೊಳ್ಳಿ. ಆಮೇಲೂ ಗುಂಯ್ ಉಳಿದರೆ ಅದು ಬಹುಶಃ ಧ್ವನಿವರ್ಧಕದಿಂದಲೇ ಬಂದದ್ದು. ಆಗ 80 ಹರ್ಟ್ಸ್‌ನ ಹೈಪಾಸ್ (ಅದಕ್ಕಿಂತ ಕೆಳಗಿನ ಸದ್ದನ್ನು ತಗ್ಗಿಸುವ ಫಿಲ್ಟರ್) ಹಾಕಿ, 100 ಹರ್ಟ್ಸ್‌ನಲ್ಲಿ ಕಿರಿದಾದ ನಾಚ್ (ಆ ಒಂದು ಸದ್ದನ್ನಷ್ಟೇ ಕತ್ತರಿಸುವ ಫಿಲ್ಟರ್) ಕೊಡಿ.